ಹಿತ್ತಲ ಬೇವು ಮ್ಯೂನಿಕ್ ತನಕ ಹೋದ ಕಥೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯವರಿಗೆ ಬೇವಿನ ಮರ ಯಾವುದು ಅಂತ ತೋರಿಸಬೇಕಾಗಿಲ್ಲ. ಕಾಳಿನ ಚೀಲಕ್ಕೆ ಬೇವಿನ ಎಲೆ ಹಾಕೋದು, ಹಿತ್ತಲ ಅವರೆ ಬಳ್ಳಿಗೆ ಹೇನು ಕಂಡರೆ ಒಲೆಯ ಬೂದಿ ಉದುರಿಸೋದು, ಇದನ್ನೆಲ್ಲ ಯಾರೂ ಪುಸ್ತಕ ಓದಿ ಕಲಿತದ್ದಲ್ಲ. ಆದರೆ ಬೇವಿನ ಬೀಜದ ಕಷಾಯವನ್ನು ಗಿಡಕ್ಕೆ ಸಿಂಪಡಿಸುವ ಪದ್ಧತಿಗೆ ದೊಡ್ಡ ತಿರುವು ಸಿಕ್ಕಿದ್ದು 1962ರಲ್ಲಿ, ದೂರದ ದೆಹಲಿಯಲ್ಲಿ.

ಆ ವರ್ಷ ಅಲ್ಲಿಗೆ ಮಿಡತೆ ದಂಡು ಬಂತು. ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪ್ರಧಾನ್, ಜೋತ್ವಾನಿ ಮತ್ತು ಸಂಗಡಿಗರು ಬೇವಿನ ಬೀಜದ ತಿರುಳನ್ನು ಅರೆದು, ನೀರಲ್ಲಿ ಕಲಸಿ ಬೆಳೆಗೆ ಸಿಂಪಡಿಸಿದರು. ಮಿಡತೆಗಳು ಬಂದು ಗಿಡದ ಮೇಲೆ ಕೂತವು, ಆದರೆ ತಿನ್ನಲಿಲ್ಲ! ಡಿಡಿಟಿಯ ಬಗ್ಗೆ ಜಗತ್ತನ್ನೇ ಎಚ್ಚರಿಸಿದ ರೇಚಲ್ ಕಾರ್ಸನ್ ಪುಸ್ತಕ 'ಸೈಲೆಂಟ್ ಸ್ಪ್ರಿಂಗ್' ಬಂದದ್ದೂ ಅದೇ ವರ್ಷ.

ಬೀಜದೊಳಗಿನ ಮುಖ್ಯ ವಸ್ತು ಅಜಾಡಿರಾಕ್ಟಿನ್. 1968ರಲ್ಲಿ ಇಂಗ್ಲೆಂಡಿನಲ್ಲಿ ಅದನ್ನು ಬೇರ್ಪಡಿಸಿದರು. ಇದು ಹುಳವನ್ನು ತಕ್ಷಣ ಕೊಲ್ಲೋದಿಲ್ಲ. ಮೊದಲು ತಿನ್ನೋದನ್ನು ಬಿಡಿಸುತ್ತೆ, ಮರಿಹುಳ ಪೊರೆ ಕಳಚಿ ಬೆಳೆಯೋದನ್ನು ಕೆಡಿಸುತ್ತೆ. ಪ್ರಯೋಗಾಲಯದಲ್ಲಿ ಅದನ್ನು ಪೂರ್ತಿ ತಯಾರಿಸಲು ಕೇಂಬ್ರಿಡ್ಜಿನ ಸ್ಟೀವನ್ ಲೇ ತಂಡಕ್ಕೆ 22 ವರ್ಷ ಹಿಡೀತು, ಮುಗಿದದ್ದು 2007ರಲ್ಲಿ. ನಮ್ಮ ಮರ ಪ್ರತಿ ವರ್ಷ ಪುಕ್ಕಟೆ ಮಾಡುತ್ತೆ ಬಿಡಿ.

ಇನ್ನು ಪೇಟೆಂಟ್ ಜಗಳ. ಇದು ಹುಳದ ಬಗ್ಗೆ ಅಲ್ಲ, ಗಿಡಕ್ಕೆ ಹತ್ತುವ ಬೂಷ್ಟು ರೋಗಕ್ಕೆ ಬೇವಿನ ಎಣ್ಣೆ ಬಳಸುವ ಬಗ್ಗೆ. ಅಮೆರಿಕದ ಕೃಷಿ ಇಲಾಖೆ ಮತ್ತು ಡಬ್ಲ್ಯೂ.ಆರ್. ಗ್ರೇಸ್ ಕಂಪನಿಗೆ 1994ರಲ್ಲಿ ಯೂರೋಪಿನ ಪೇಟೆಂಟ್ ಸಿಕ್ಕಿತು. ವಂದನಾ ಶಿವ ಮತ್ತಿತರರು ವಿರೋಧಿಸಿದರು. 'ನಮ್ಮಜ್ಜಿಗೆ ಮೊದಲೇ ಗೊತ್ತಿತ್ತು' ಅಂದರೆ ಮ್ಯೂನಿಕ್‌ನಲ್ಲಿ ಯಾರು ಕೇಳ್ತಾರೆ? ಸಾಕ್ಷಿ ಬೇಕು. ಉದ್ಯಮಿ ಅಭಯ್ ಫಡ್ಕೆ ಅಲ್ಲಿಗೆ ಹೋಗಿ, 1985-86ರಲ್ಲೇ ಪುಣೆ ಮತ್ತು ಸಾಂಗ್ಲಿ ಜಿಲ್ಲೆಗಳ ಹೊಲಗಳಲ್ಲಿ ಬೇವಿನ ಸಾರದ ಪ್ರಯೋಗ ಮಾಡಿದ್ದೆವು ಅಂತ ಹೇಳಿದರು. ಸಾಂಗ್ಲಿ ಅಂದರೆ ನಮ್ಮ ಪಕ್ಕದ್ದೇ; ಕನ್ನಡ ಮಾತಾಡುವ ಜತ್ ತಾಲೂಕು ವಿಜಯಪುರ ಜಿಲ್ಲೆಗೆ ತಾಗಿಕೊಂಡೇ ಇದೆ. 2000ದ ಮೇ ತಿಂಗಳಲ್ಲಿ ಪೇಟೆಂಟ್ ರದ್ದಾಯ್ತು. ಮೇಲ್ಮನವಿಯೂ 2005ರ ಮಾರ್ಚ್ 8ರಂದು ಬಿದ್ದುಹೋಯ್ತು. ಅಜ್ಜಿಯ ಮಾತಿಗೂ ಆಗಲೇ ಯಾರಾದರೂ ತಾರೀಖು ಹಾಕಿ ಬರೆದಿಟ್ಟಿದ್ದರೆ ಹತ್ತು ವರ್ಷ ಬಡಿದಾಡೋದು ಬೇಕಿತ್ತಾ ಅನ್ನಿಸುತ್ತೆ ನನಗೆ.

ಮನೆಯ ಬದನೆ, ಬೆಂಡೆಗೆ ಮಾಡಿಕೊಳ್ಳೋರಿಗೆ ಅಳತೆ ಇಷ್ಟು: ಒಣಗಿದ ಬೀಜದ ತಿರುಳು 50 ಗ್ರಾಂ ಕುಟ್ಟಿ, ಒಂದು ಲೀಟರ್ ನೀರಲ್ಲಿ ರಾತ್ರಿಯೆಲ್ಲ ನೆನೆಸಿ, ಬಟ್ಟೆಯಲ್ಲಿ ಸೋಸಿ, ಚೂರು ಸೋಪು ಕರಗಿಸಿ. ಸಿಂಪಡಿಸೋದು ಮಾತ್ರ ಸಂಜೆಯೇ. ಬಿಸಿಲಿಗೆ ಅಜಾಡಿರಾಕ್ಟಿನ್ ಬೇಗ ಕೆಡುತ್ತೆ, ನಮ್ಮ ವಿಜಯಪುರದ ಬಿಸಿಲಂತೂ ಗೊತ್ತಲ್ಲ...