ಕಾವಿನಲ್ಲಿ ನಿಲ್ಲುವ ಶ್ರುತಿ
ವೇದಾವತಿ ನದಿಯ ಬದಿಯ ಪರಶುರಾಂಪುರವೂ ಸೇರಿದಂತೆ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಜಾತ್ರೆ-ಪರಿಷೆಗಳಲ್ಲಿ ತಮಟೆ, ಉರುಮೆಗಳು ತಲೆಮಾರುಗಳಿಂದ ನುಡಿದುಬಂದಿದ್ದು, ಅವುಗಳ ಇತಿಹಾಸವು ಬಹುಮಟ್ಟಿಗೆ ಶ್ರುತಿಯನ್ನು ಕಾಯ್ದುಕೊಳ್ಳುವ ವಿದ್ಯೆಯ ಇತಿಹಾಸವೂ ಹೌದು. ದುಂಡನೆಯ ಚೌಕಟ್ಟಿನ ಒಂದೇ ಬದಿಗೆ ಚರ್ಮ ಬಿಗಿದ ವಾದ್ಯವು ತಮಟೆ. ಉರುಮೆಗೆ ಎರಡು ಮುಖಗಳಿದ್ದು, ಒಂದರ ಮೇಲೆ ಬಾಗಿದ ಕೋಲನ್ನು ಉಜ್ಜಿ ಗುಂಯ್‌ಗುಡುವ ನಾದವನ್ನು ಹೊರಡಿಸಲಾಗುತ್ತದೆ.

ಎಲೆಕ್ಟ್ರಿಕ್ ಗಿಟಾರಿನ ಉಕ್ಕಿನ ತಂತಿ ಶ್ರುತಿ ತಪ್ಪಿದರೆ ಬಿರಡೆ ತಿರುಗಿಸಿ ಸರಿಪಡಿಸಬಹುದು. ಚರ್ಮದ ತಮಟೆಗೆ ಅಂಥ ಬಿರಡೆಯಿಲ್ಲ. ಇಬ್ಬನಿಯ ತೇವವನ್ನು ಹೀರಿದ ಚರ್ಮ ಸಡಿಲಗೊಂಡು ಧ್ವನಿ ಮಂಕಾದಾಗ, ವಾದಕರು ಹುಲ್ಲು, ಗರಿಗಳನ್ನು ಉರಿಸಿ, ವಾದ್ಯದ ಮುಖವನ್ನು ಅದರ ಝಳಕ್ಕೆ ಹಿಡಿದು, ಒಂದೇ ಕಡೆ ಸೀಯದಂತೆ ತಿರುಗಿಸುತ್ತ, ನಡುನಡುವೆ ಬೆರಳಿನಿಂದ ತಟ್ಟಿ ಆಲಿಸುತ್ತಾರೆ. ತೇವ ಆರಿದಷ್ಟೂ ಚರ್ಮ ಬಿಗಿದು ನಾದ ಏರುತ್ತದೆ. ಕಾವು ಮಿತಿಮೀರಿದರೆ ಚರ್ಮವೇ ಸೀಳುತ್ತದೆ.

1950ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಪಾಲಿಯೆಸ್ಟರ್ ಹಾಳೆಯ ಡ್ರಮ್ ಮುಖಗಳು ಮಾರಾಟಕ್ಕೆ ಬಂದವು. ತೇವಕ್ಕೆ ಜಗ್ಗದ ಅಂಥ ಹಾಳೆಯ ಫೈಬರ್ ತಮಟೆಗಳು ಈಗ ಕರ್ನಾಟಕದಲ್ಲೂ ಬಳಕೆಯಲ್ಲಿದ್ದು, ಬೆಂಕಿಯ ಅಗತ್ಯವನ್ನು ತಪ್ಪಿಸಿವೆಯಾದರೂ ಚರ್ಮದ ಗಂಭೀರ ನಾದವನ್ನು ಕೊಡಲಾರವು. ಚರ್ಮ ಹದಮಾಡಿ ವಾದ್ಯ ಕಟ್ಟಿದ ದಲಿತ ಕುಶಲಿಗಳ ಅರಿವನ್ನು ಸಂಗೀತಶಾಸ್ತ್ರವೆಂದೇ ಗಣಿಸಬೇಕಾಗಿತ್ತು. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ ಪದ್ಮಶ್ರೀ ಸಂದದ್ದು 2023ರಲ್ಲಿ.