ಎರೆಹೊಲದ ಬಿರುಕಿನಲ್ಲಿ ಇಲಿ

ಕೂಡಲಸಂಗಮದಿಂದ ಹುನಗುಂದದ ಕಡೆ ಹೊರಟರೆ ಉದ್ದಕ್ಕೂ ಎರೆಭೂಮಿ. ಹಿಂಗಾರಿ ಜೋಳ, ಕಡಲೆ, ಕುಸುಬೆ ಬೆಳೆಯುವ ಈ ನೆಲದಲ್ಲಿ ಕೆಲವು ವರ್ಷ ಇಲಿ ಇದ್ದೂ ಇಲ್ಲದಂತೆ ಇರುತ್ತದೆ. ಮತ್ತೆ ಕೆಲವು ವರ್ಷ ಬಿತ್ತಿದ ಬೀಜವೂ ಬಲಿತ ತೆನೆಯೂ ಅದರ ಪಾಲು. ಈ ಏರಿಳಿತದ ಗುಟ್ಟು ಮಣ್ಣಿನಲ್ಲೇ ಇದೆ.

ಮೆಟ್ಟಾಡ ಎಂಬ ಹೊಲದಿಲಿ

ಇಲ್ಲಿನ ಮುಖ್ಯ ಇಲಿ ಮೆತ್ತನೆ ರೋಮದ ಹೊಲದಿಲಿ, ಶಾಸ್ತ್ರೀಯ ಹೆಸರು ಮಿಲ್ಲಾರ್ಡಿಯಾ ಮೆಲ್ಟಾಡ. ಕಲ್ಲು ಮಣ್ಣಿನ ಕೆಲಸದ ವಡ್ಡರು ಇದನ್ನು ಮೆಟ್ಟಾಡ ಎನ್ನುತ್ತಿದ್ದರು. 1837ರಲ್ಲಿ ಪ್ರಾಣಿಶಾಸ್ತ್ರಜ್ಞ ಜೆ. ಇ. ಗ್ರೇ ಆ ಹೆಸರನ್ನೇ ಶಾಸ್ತ್ರಕ್ಕೆ ತಂದರು, ಅಕ್ಷರ ಸ್ವಲ್ಪ ಬದಲಾಗಿ ಹಾಗೇ ಉಳಿಯಿತು. ಇದೇ ಸೀಮೆಯ ಇನ್ನೊಂದು ಇಲಿಯ ಕುಲದ ಹೆಸರು ಗೊಲುಂಡ. ಅದು ಕನ್ನಡದ ‘ಗುಲಂಡಿ’ಯಿಂದ ಬಂದದ್ದು. ನಮ್ಮ ಹೊಲದ ಮಾತು ಜಗತ್ತಿನ ಪ್ರಾಣಿಶಾಸ್ತ್ರದಲ್ಲಿ ಕೂತಿರುವುದು ಹೆಮ್ಮೆಯ ಸಂಗತಿ.

1826ರ ಹಾವಳಿ

1824ರಲ್ಲಿ ಕಿತ್ತೂರಿನಲ್ಲಿ ಸೆರೆಸಿಕ್ಕ ಬ್ರಿಟಿಷ್ ಅಧಿಕಾರಿ ವಾಲ್ಟರ್ ಎಲಿಯಟ್ ಹೆಸರು ಕನ್ನಡಿಗರಿಗೆ ಗೊತ್ತು. ಅದೇ ಎಲಿಯಟ್ 1839ರಲ್ಲಿ ಈ ಸೀಮೆಯ ಸಸ್ತನಿಗಳ ಪಟ್ಟಿ ಪ್ರಕಟಿಸಿದರು. ಅದರಲ್ಲಿ ಮೆಟ್ಟಾಡದ ಬಗ್ಗೆ ಬರೆದ ನಾಲ್ಕು ಮಾತು ನನಗೆ ಇಡೀ ಪಟ್ಟಿಗಿಂತ ಬೆಲೆಯುಳ್ಳದ್ದಾಗಿ ಕಾಣುತ್ತದೆ.

ಬೇಸಿಗೆಯಲ್ಲಿ ಎರೆಮಣ್ಣು ಒಣಗಿ ಆಳವಾಗಿ ಬಿರಿಯುತ್ತದೆ. ಮೆಟ್ಟಾಡ ದೊಡ್ಡ ಬಿಲ ತೋಡುವುದಿಲ್ಲ; ಈ ಬಿರುಕು, ಹೊಲದ ಕಲ್ಲುಗುಂಪು, ಬೇರೆ ಇಲಿ ಬಿಟ್ಟುಹೋದ ಬಿಲಗಳೇ ಅದಕ್ಕೆ ಮನೆ. ಮುಂಗಾರು ಬಿದ್ದೊಡನೆ ಜೇಡಿ ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ, ಒಳಗಿದ್ದ ಇಲಿಗಳು ಅಲ್ಲೇ ಸಾಯುತ್ತವೆ. ಪ್ರತಿವರ್ಷ ಮಳೆಯೇ ಹೀಗೆ ಲೆಕ್ಕ ಸರಿಮಾಡುತ್ತದೆ. ಆದರೆ 1826ರಲ್ಲಿ ಆರಂಭದ ಮಳೆ ಕೈಕೊಟ್ಟಿತು. ಒಂದು ಸೂಲಿಗೆ ಆರರಿಂದ ಎಂಟು ಮರಿ ಹಾಕುವ ಇಲಿ ಹೊಲ ತುಂಬಿತು. ಬಿತ್ತಿದ ಕಾಳು ತಿಂದಿತು. ಪೈರು ಬಲಿತಾಗ ಜೋಳದ ದಂಟು ಹತ್ತಿ ತೆನೆ ಕತ್ತರಿಸಿತು. ಕಂದಾಯ ಕಟ್ಟಲಾಗದಷ್ಟು ಹೊಲಗಳು ಹಾಳಾದವು. ರೈತರು ಕಾಳು ಅಳೆದುಕೊಟ್ಟು ವಡ್ಡರಿಂದ ಸಾವಿರಾರು ಇಲಿ ಕೊಲ್ಲಿಸಿದರು. ಆದರೂ ಸಂಖ್ಯೆ ಇಳಿದಂತೆ ಕಾಣಲಿಲ್ಲ.

ಈ ಭಾಗವೂ ಸೇರಿದ್ದ ಕಲಾದಗಿ ಸೀಮೆಯನ್ನು ಹಿಂಡಿದ 1876–78ರ ಮಹಾಬರದ ಬೆನ್ನಿಗೇ ದಖನ್ನಿನಲ್ಲಿ ಮತ್ತೆ ಇಲಿಗಳ ದಂಡು ಎದ್ದಿತು.

ಹಿಮದ ನಾಡಿನ ಗಡಿಯಾರ

ಇಂಥ ಏರಿಳಿತ ಬೇರೆಡೆಯೂ ಇದೆ. ನಾರ್ವೆ, ಫಿನ್‌ಲ್ಯಾಂಡಿನ ಉತ್ತರದಲ್ಲಿ ಲೆಮ್ಮಿಂಗ್ ಮತ್ತು ವೋಲ್ ಎಂಬ ಸಣ್ಣ ದಂಶಕಗಳು ಮೂರು–ನಾಲ್ಕು ವರ್ಷಕ್ಕೊಮ್ಮೆ ಹೆಚ್ಚಿ ಕುಸಿಯುತ್ತವೆ. 1924ರಲ್ಲಿ ಚಾರ್ಲ್ಸ್ ಎಲ್ಟನ್ ಇದನ್ನು ಅಧ್ಯಯನದ ವಿಷಯವಾಗಿಸಿದರು. ಚಳಿಗಾಲದಲ್ಲಿ ಹಿಮದ ಅಡಿಯಲ್ಲಿ ಲೆಮ್ಮಿಂಗ್ ಹಾವಸೆಯನ್ನು ಬೋಳಿಸುತ್ತದೆ, ಹಾವಸೆ ಚಿಗುರಲು ವರ್ಷಗಳು ಬೇಕು. ಕುಸಿತಕ್ಕೆ ಈ ಮೇವಿನ ಕೊರತೆ ಕಾರಣವೋ, ಅದನ್ನು ಬೇಟೆಯಾಡುವ ವೀಸಲ್ ಎಂಬ ಸಣ್ಣ ಪ್ರಾಣಿ ಕಾರಣವೋ ಎಂಬ ಚರ್ಚೆ ಇನ್ನೂ ನಡೆದಿದೆ. ಮಿಜೋರಾಮಿನಲ್ಲಿ ಗಡಿಯಾರ ಬಿದಿರಿನದು: ಸುಮಾರು 48 ವರ್ಷಕ್ಕೊಮ್ಮೆ ಹೂಬಿಟ್ಟು ಹಣ್ಣು ಉದುರಿದಾಗ ಇಲಿ ಹೆಚ್ಚುತ್ತದೆ. ನಮ್ಮ ಎರೆನಾಡಿನಲ್ಲಿ ಇಂಥ ನಿಗದಿತ ಅವಧಿಯಿಲ್ಲ. ಮಳೆ ಯಾವಾಗ ಬಿತ್ತು, ಬಿರುಕು ಯಾವಾಗ ಮುಚ್ಚಿತು ಎಂಬುದೇ ಮುಖ್ಯ.

ನೀರಾವರಿ ಬಂದ ಮೇಲೆ

ಕೃಷ್ಣಾ, ಘಟಪ್ರಭಾ ನೀರು ಹರಿದ ಕಡೆ ಕಬ್ಬು ಬಂದಿದೆ. ಹಸಿಮಣ್ಣು ಬಿರಿಯುವುದಿಲ್ಲ. ಅಲ್ಲಿ ಎಲಿಯಟ್ ‘ಕೋಕ್’ ಎಂದು ದಾಖಲಿಸಿದ ಇಲಿ ಮೇಲುಗೈ ಪಡೆಯುತ್ತದೆ. ಅದು ಆಳಕ್ಕೆ ಬಿಲ ತೋಡಿ ಕಾಳು ಕೂಡಿಡುವ ಜಾತಿ. ಬೆಳೆ ಬದಲಾದರೆ ಇಲಿಯೂ ಬದಲಾಗುತ್ತದೆ.

ಮುಂಗಾರಿನ ಮೊದಲ ಮಳೆ ತಪ್ಪಿದ ವರ್ಷ ರೈತರು ತೆನೆ ಬರುವವರೆಗೆ ಕಾಯಬಾರದು. ಹಿಂಗಾರಿ ಬಿತ್ತನೆಗೆ ಮುಂಚೆಯೇ ಬದು, ಬಿರುಕು, ಕಲ್ಲುಗುಂಪು ನೋಡಿ, ಊರಿನವರೆಲ್ಲ ಒಂದೇ ವಾರದಲ್ಲಿ ಒಟ್ಟಾಗಿ ಇಲಿ ಹಿಡಿಯಬೇಕು. ಒಬ್ಬರ ಹೊಲ ಮಾತ್ರ ಚೊಕ್ಕವಾದರೆ ಪಕ್ಕದ ಹೊಲದ ಇಲಿ ಅಲ್ಲಿಗೇ ಬರುತ್ತದೆ.