ಹಳೆಯ ಬೆಳ್ಳಿ ನಾಣ್ಯಗಳ ಮೇಲ್ಮೈ: ಹಾನಿ, ಪುರಾವೆ ಮತ್ತು ಉಪಚಾರ

ಭಾರತದ ಅತ್ಯಂತ ಪ್ರಾಚೀನ ಬೆಳ್ಳಿ ನಾಣ್ಯಗಳೆಂದರೆ ಮುದ್ರಾಂಕಿತ ನಾಣ್ಯಗಳು, ಅಂದರೆ ಬೆಳ್ಳಿ ತಗಡಿನ ತುಂಡಿನ ಮೇಲೆ ಒಂದೊಂದು ಚಿಹ್ನೆಯನ್ನೂ ಬೇರೆ ಬೇರೆ ಅಚ್ಚುಮೊಳೆಗಳಿಂದ ಒತ್ತಿ ಸಿದ್ಧಪಡಿಸಿದವು. ಮಗಧ-ಮೌರ್ಯ ಸರಣಿಯ ಇಂಥ ನಾಣ್ಯಗಳು ಸುಮಾರು 3.3 ಗ್ರಾಂ ತೂಗುತ್ತವೆ. ಅವುಗಳ ಮುಂಬದಿಯಲ್ಲಿ ಐದು ಚಿಹ್ನೆಗಳಿದ್ದರೆ ಹಿಂಬದಿಯಲ್ಲಿ ಸಣ್ಣ ಸಣ್ಣ ಗುರುತುಗಳಿರುತ್ತವೆ. ಗಣಿತಜ್ಞ ಡಿ. ಡಿ. ಕೋಸಂಬಿಯವರು ತಕ್ಷಶಿಲೆಯ ನಿಧಿಗಳಲ್ಲಿ ದೊರೆತ ನಾಣ್ಯಗಳ ತೂಕವನ್ನು ಸಂಖ್ಯಾಶಾಸ್ತ್ರದ ಕ್ರಮದಲ್ಲಿ ಪರಿಶೀಲಿಸಿ, ಚಲಾವಣೆಯಲ್ಲಿ ಸವೆದು ತೂಕ ಇಳಿದಂತೆಲ್ಲ ಹಿಂಬದಿಯ ಗುರುತುಗಳು ಹೆಚ್ಚುತ್ತವೆಂದು ತೋರಿಸಿದರು. ಈ ವಾದ ನಿಂತಿರುವುದು ತೀರ ಸಣ್ಣ ತೂಕವ್ಯತ್ಯಾಸಗಳ ಮೇಲೆ. ಹೀಗಿರುವಾಗ ನಾಣ್ಯವನ್ನು ಬೆಳಗುವ ಉತ್ಸಾಹದಲ್ಲಿ ಲೋಹದ ಪದರವೊಂದನ್ನು ಕಳೆಯುವುದೆಂದರೆ ಚರಿತ್ರೆಯ ದತ್ತಾಂಶವನ್ನೇ ಅಳಿಸಿದಂತೆ. ಆದ್ದರಿಂದ ಉಪಚಾರಕ್ಕೆ ಮೊದಲು, ಮೇಲ್ಮೈಯಲ್ಲಿ ಕಾಣುವುದು ಮನುಷ್ಯನ ಕೈಕೆಲಸವೋ, ಮಣ್ಣು ಮತ್ತು ಗಾಳಿಯ ಪರಿಣಾಮವೋ, ಇತ್ತೀಚಿನ ಉಜ್ಜುವಿಕೆಯ ಫಲವೋ ಎಂಬುದು ನಿರ್ಧಾರವಾಗಬೇಕು.

ಮೊಗಲರ ಮತ್ತು ಈಸ್ಟ್ ಇಂಡಿಯಾ ಕಂಪನಿಯ ಆರಂಭಕಾಲದ ರೂಪಾಯಿಗಳ ಮೇಲೆ ಕಾಣುವ ಚಿಕ್ಕ ಹೂವು, ನಕ್ಷತ್ರ, ಚುಕ್ಕೆಗಳ ಒತ್ತುಗಳು ಬಹುಮಟ್ಟಿಗೆ ಸರಾಫರವು, ಕನ್ನಡದಲ್ಲಿ ಹೇಳುವುದಾದರೆ ನಾಣ್ಯದ ಶುದ್ಧಿ ಮತ್ತು ತೂಕವನ್ನು ಪರೀಕ್ಷಿಸುತ್ತಿದ್ದ ಚಿನಿವಾರರವು. ಹಳೆಯ ರೂಪಾಯಿಗೆ ವಟ್ಟ ಹಿಡಿದು ಬೆಲೆ ಕಟ್ಟುತ್ತಿದ್ದ ಆ ಕಾಲದಲ್ಲಿ ಈ ಗುರುತು ವಿಶ್ವಾಸದ ಮುದ್ರೆಯಾಗಿತ್ತು. ಅದನ್ನು ಬರಿಯ ಹಾನಿಯ ಪಟ್ಟಿಗೆ ಸೇರಿಸುವ ಸಂಗ್ರಹಕಾರರ ರೂಢಿ ಒಪ್ಪತಕ್ಕದ್ದಲ್ಲ. ಹತ್ತು ಪಟ್ಟು ಹಿಗ್ಗಿಸುವ ಮಸೂರದಡಿ, ಓರೆಯಾಗಿ ಬೀಳುವ ಬೆಳಕಿನಲ್ಲಿ ನೋಡಿದರೆ, ಒತ್ತಿದ ಗುರುತಿನ ಸುತ್ತ ಲೋಹ ಅಂಚುಗಟ್ಟಿ ಎದ್ದಿರುವುದೂ ಅದರ ತಳದ ಕಪ್ಪು ಸುತ್ತಲಿನ ಬಯಲಿನ ಕಪ್ಪಿಗೆ ಹೊಂದಿಕೊಂಡಿರುವುದೂ ಕಾಣುತ್ತದೆ. ತಳ ಬೆಳ್ಳಗೆ ಹೊಳೆಯುತ್ತಿದ್ದರೆ ಗಾಯ ಹೊಸದೆಂದೋ ಅಲ್ಲಿ ಯಾರೋ ಈಚೆಗೆ ಕೆರೆದಿದ್ದಾರೆಂದೋ ಸಂಶಯಪಡಬೇಕು. ನಾಣ್ಯವನ್ನು ಸರಕ್ಕೆ ಪೋಣಿಸಲು ಬೆಸೆದ ಕೊಂಡಿಯ ಕುರುಹು ಅಂಚಿನಲ್ಲಿ ಬೆಸುಗೆಯ ಉಬ್ಬಾಗಿಯೋ ಅರ ಹಾಕಿದ ಚಪ್ಪಟೆಯಾಗಿಯೋ ಉಳಿದಿರುತ್ತದೆ. ಎರಕದ ನಕಲುಗಳ ಗುಳಿಗಳು ಗಾಳಿಗುಳ್ಳೆಯಿಂದಾದವುಗಳಾದ್ದರಿಂದ ದುಂಡಗೆ, ನುಣ್ಣಗಿದ್ದರೆ, ಸವಕಳಿಯ ಗುಳಿಗಳು ಆಕಾರಗೆಟ್ಟು ಒರಟಾಗಿರುತ್ತವೆ.

ರಾಸಾಯನಿಕ ಹಾನಿಯಲ್ಲಿ ಸಾಮಾನ್ಯವಾದದ್ದು ಕಪ್ಪಾಗುವಿಕೆ. ಗಾಳಿಯಲ್ಲಿರುವ ಹೈಡ್ರೋಜನ್ ಸಲ್ಫೈಡ್ ಬೆಳ್ಳಿಯೊಡನೆ ವರ್ತಿಸಿ ಬೆಳ್ಳಿಯ ಸಲ್ಫೈಡ್ ಪದರ ಕಟ್ಟುತ್ತದೆ. ಅದು ದಪ್ಪವಾದಂತೆ ಬಣ್ಣ ಹಳದಿಯಿಂದ ಕಂದಿಗೆ, ನೀಲಿಗೆ, ಕೊನೆಗೆ ಕಪ್ಪಿಗೆ ತಿರುಗುತ್ತದೆ. ಸಮನಾದ ತೆಳು ಪದರದಿಂದ ನಾಣ್ಯಕ್ಕೆ ಕೇಡಿಲ್ಲ. ಕೇಡಿರುವುದು ಉಪ್ಪುಮಣ್ಣಿನಲ್ಲಿ ಹುಟ್ಟುವ ಬೆಳ್ಳಿಯ ಕ್ಲೋರೈಡಿನಿಂದ: ಬೂದುಬಣ್ಣದ, ಮೇಣದಂತೆ ಮೆತ್ತನೆಯ, ಬೆಳಕಿಗೆ ನೇರಳೆಯಾಗಿ ಕಪ್ಪಿಡುವ ಈ ಹೊಪ್ಪಳೆ ಲೋಹವನ್ನೇ ತಿಂದು ಉಬ್ಬಿಕೊಳ್ಳುತ್ತದೆ, ಕೆಲವೊಮ್ಮೆ ಚಿಹ್ನೆಗಳ ಗೆರೆಗಳು ಈ ಹೊಪ್ಪಳೆಯಲ್ಲಿ ಮಾತ್ರ ಉಳಿದಿರುತ್ತವೆ. ಅಂಥಲ್ಲಿ ಅದನ್ನು ಕರಗಿಸಿದರೆ ಕೈಗೆ ಸಿಗುವುದು ಬೋಳು ಬಿಲ್ಲೆ. ಹಸಿರು ಕಲೆ ಮಿಶ್ರಲೋಹದ ತಾಮ್ರದಿಂದ ಬಂದದ್ದು. ಈ ತಾಮ್ರವೇ ಶತಮಾನಗಳ ಅವಧಿಯಲ್ಲಿ ಲೋಹದ ಹರಳುಗಳ ಸಂದುಗಳಲ್ಲಿ ಬೇರ್ಪಟ್ಟು ಕೂಡುವುದರಿಂದ ಹಳೆಯ ಬೆಳ್ಳಿ ಪೆಡಸಾಗುತ್ತದೆ. ಗಟ್ಟಿಯಾಗಿ ಕಾಣುವ ನಾಣ್ಯವೂ ಕೈಜಾರಿ ಬಿದ್ದರೆ ಸೀಳಬಹುದು.

ಮನೆಗಳಲ್ಲಿ ಬೆಳ್ಳಿ ಪಾತ್ರೆ ಬೆಳಗುವ ವಿಭೂತಿ, ಹುಣಸೆಹಣ್ಣುಗಳನ್ನು ನಾಣ್ಯಕ್ಕೆ ಹಚ್ಚುವುದು ಅತ್ಯಂತ ವ್ಯಾಪಕವಾದ, ಅತ್ಯಂತ ದುಃಖಕರವಾದ ಹಾನಿ, ಏಕೆಂದರೆ ಪುಡಿಯ ಕಣಗಳು ಎಳೆಯುವ ಕೂದಲೆಳೆಯಂಥ ಗೀರುಗಳನ್ನು ಯಾವ ಉಪಚಾರವೂ ಅಳಿಸಲಾರದು. ಅಂಗಡಿಯಲ್ಲಿ ದೊರೆಯುವ ಅದ್ದುವ ದ್ರಾವಣಗಳಲ್ಲಿನ ಆಮ್ಲ ಮತ್ತು ಥಯೋಯೂರಿಯಾ ಸಲ್ಫೈಡನ್ನು, ಅಂದರೆ ಅದರೊಳಗಿನ ಬೆಳ್ಳಿಯನ್ನೂ, ಕರಗಿಸಿ ಒಯ್ಯುತ್ತವೆ. ಅಲ್ಯೂಮಿನಿಯಂ ಹಾಳೆ ಮತ್ತು ವಾಷಿಂಗ್ ಸೋಡಾದ ಬಿಸಿನೀರಿನ ವಿಧಾನ ಸಲ್ಫೈಡನ್ನು ಮರಳಿ ಬೆಳ್ಳಿಯಾಗಿಸುತ್ತದೆಯಾದರೂ, ಹಾಗೆ ಮರಳಿದ ಬೆಳ್ಳಿ ಸಡಿಲವಾಗಿ ಕುಳಿತು ಮಂಕಾಗಿ ಕಾಣುತ್ತದೆ. ಅಮೋನಿಯಾ ಕ್ಲೋರೈಡನ್ನು ಕರಗಿಸಬಲ್ಲದು; ಆದರೆ ಬೆಳ್ಳಿ ಬೆರೆತ ಆ ದ್ರಾವಣವನ್ನು ಒಣಗಲು ಬಿಟ್ಟರೆ ಸ್ಫೋಟಕ ವಸ್ತು ಉಂಟಾಗುವುದರಿಂದ ಅದನ್ನು ಪ್ರಯೋಗಾಲಯದ ಹೊರಗೆ ಬಳಸಲೇಬಾರದು. ಸಂಗ್ರಹಕಾರನ ಕೈಗೆ ತಕ್ಕ ಕೆಲಸವೆಂದರೆ ನಾಣ್ಯವನ್ನು ತೂಗಿ, ಎರಡೂ ಬದಿಯ ಚಿತ್ರ ತೆಗೆದು, ಬಟ್ಟಿ ಇಳಿಸಿದ ನೀರಿನಲ್ಲಿ ಸಡಿಲ ಮಣ್ಣನ್ನೂ ಅಸಿಟೋನಿನಲ್ಲಿ ಜಿಡ್ಡನ್ನೂ ಕಳೆದು, ಉಜ್ಜದೆ ಒತ್ತಿ ಒಣಗಿಸುವುದು. ಮತ್ತೆ ತೂಗಿ ಎರಡೂ ತೂಕಗಳನ್ನು ದಾಖಲಿಸುವುದು. ಕ್ಲೋರೈಡ್ ಹಿಡಿದವನ್ನು, ಬಿರುಕು ಬಿಟ್ಟವನ್ನು ಸಂರಕ್ಷಣಾ ತಜ್ಞರಿಗೇ ಬಿಡಬೇಕು.

1940ರ ನಂತರದ ರೂಪಾಯಿಗಳಲ್ಲಿ ಬೆಳ್ಳಿಯ ಪಾಲು 91.67ರಿಂದ ಶೇ. 50ಕ್ಕೆ ಇಳಿದು ತಾಮ್ರ ಶೇ. 40ರಷ್ಟಾದ್ದರಿಂದ ಅವು ಹಸಿರು ಹಿಡಿಯುವ ಸಂಭವ ಹೆಚ್ಚು. ಪಿವಿಸಿ ಚೀಲಗಳಲ್ಲಿಟ್ಟ ನಾಣ್ಯಗಳ ಮೇಲೆ ಕೂಡುವ ಹಸಿರು ಅಂಟು ಮಾತ್ರ ಬೇರೆಯದು. ಪ್ಲಾಸ್ಟಿಕ್ ಕೊಳೆತು ಬಿಡುವ ಆಮ್ಲದಿಂದ ಹುಟ್ಟುವ ಅದನ್ನು ಆರಂಭದಲ್ಲೇ ಅಸಿಟೋನಿನಿಂದ ತೊಳೆಯಬಹುದು. ರಬ್ಬರ್ ಬ್ಯಾಂಡು, ಉಣ್ಣೆಯ ಬಟ್ಟೆ, ಸಾಮಾನ್ಯ ಕಾಗದ ಇವು ಗಂಧಕವನ್ನು ಒಳಗೊಂಡಿರುವ ಕಾರಣ ನಾಣ್ಯಗಳನ್ನು ಪಾಲಿಯೆಸ್ಟರ್ ಹಾಳೆಯ ಪೊಟ್ಟಣದಲ್ಲಿ, ಸಿಲಿಕಾ ಜೆಲ್ ಇಟ್ಟ ಮುಚ್ಚಿದ ಡಬ್ಬಿಯಲ್ಲಿ ಇಡುವುದು, ಮಳೆಗಾಲದಲ್ಲಿ ಆ ಜೆಲ್ಲನ್ನು ಆಗಾಗ ಬಿಸಿಮಾಡಿ ಒಣಗಿಸಿಕೊಳ್ಳುವುದು ಅಗತ್ಯ.